ಆಡಿಯೋ ಎನ್‌ಕೋಡರ್: ಎಫ್‌ಎಫ್‌ಎಂಪೆಗ್ ಒಳಗೆ ಬರೆಯಬೇಕಾ, ಹೊರಗಾ? ಪದೇ ಪದೇ ಕೇಳುವ ಪ್ರಶ್ನೆಗಳು

ಆಡಿಯೋ ಎನ್‌ಕೋಡರ್, ಅಂದರೆ ಸದ್ದನ್ನು ಬಿಟ್‌ಗಳಾಗಿ ಕುಗ್ಗಿಸುವ ಕೋಡ್, ಬರೆಯಲು ಕೂತವರಿಗೆ ಮೊದಲು ಎದುರಾಗುವುದು ಗಣಿತದ ಪ್ರಶ್ನೆ ಅಲ್ಲ, ಜಾಗದ ಪ್ರಶ್ನೆ. ದೊಡ್ಡ ಯೋಜನೆಯ ಒಳಗೇ ಬರೆಯುವುದಾ, ಅಥವಾ ನಮ್ಮದೇ ಪುಟ್ಟ ಲೈಬ್ರರಿ ಮಾಡಿ ಹೊರಗಿಟ್ಟುಕೊಳ್ಳುವುದಾ? ಆಡಿಯೋ, ವಿಡಿಯೋ ಫೈಲ್‌ಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಎಫ್‌ಎಫ್‌ಎಂಪೆಗ್ ಅನ್ನುವ ಮುಕ್ತ ಯೋಜನೆಯ ಸುತ್ತ ಈ ಪ್ರಶ್ನೆ ಇಪ್ಪತ್ತು ವರ್ಷದಿಂದ ತಿರುಗುತ್ತಲೇ ಇದೆ. ಹೊಸಬರು ಹೆಚ್ಚಾಗಿ ಕೇಳುವುದನ್ನು ಇಲ್ಲಿ ಉತ್ತರದ ಜೊತೆ ಕೊಟ್ಟಿದ್ದೇನೆ. ಸಿ ಭಾಷೆ ಗೊತ್ತಿದ್ದರೆ ಸಾಕು, ಸಿಗ್ನಲ್ ಪ್ರೊಸೆಸಿಂಗ್ ಓದಿರಲೇಬೇಕು ಅಂತೇನಿಲ್ಲ.

‘ಒಳಗೆ’, ‘ಹೊರಗೆ’ ಅಂದರೆ ಸರಿಯಾಗಿ ಏನು?

ಎಫ್‌ಎಫ್‌ಎಂಪೆಗ್ ಅನ್ನು 2000 ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದರು. ಅದರಲ್ಲಿ ಹಲವು ಲೈಬ್ರರಿಗಳಿವೆ. ಎನ್‌ಕೋಡರ್, ಡಿಕೋಡರ್‌ಗಳೆಲ್ಲ ಇರುವುದು ಲಿಬ್‌ಎವಿಕೋಡೆಕ್‌ನಲ್ಲಿ. ನಿಮ್ಮ ಕೋಡ್ ನೇರವಾಗಿ ಆ ಲೈಬ್ರರಿಯ ಭಾಗವಾದರೆ ಅದು ಒಳಗಿನ ಎನ್‌ಕೋಡರ್. ನಿಮ್ಮ ಎನ್‌ಕೋಡರ್ ಬೇರೆ ಲೈಬ್ರರಿಯಾಗಿದ್ದು, ಅದನ್ನು ಕರೆಯುವ ಒಂದು ರ್ಯಾಪರ್ ಮಾತ್ರ ಲಿಬ್‌ಎವಿಕೋಡೆಕ್‌ನಲ್ಲಿದ್ದರೆ ಅದು ಹೊರಗಿನದು.

ಎಎಸಿ, ಎಸಿ-3, ಫ್ಲ್ಯಾಕ್, ಆಲ್ಯಾಕ್, ಎಂಪಿ2 ಅನ್ನುವ ಆಡಿಯೋ ಫಾರ್ಮ್ಯಾಟ್‌ಗಳಿಗೆಲ್ಲ ಒಳಗಿನ ಎನ್‌ಕೋಡರ್ ಇದೆ. ಎಂಪಿ3 ಗೆ ಇಲ್ಲ. ಇದು ಕೇಳಿ ತುಂಬ ಜನ ಬೆಚ್ಚುತ್ತಾರೆ. ಎಫ್‌ಎಫ್‌ಎಂಪೆಗ್‌ನಲ್ಲಿ ಎಂಪಿ3 ಮಾಡಿದಾಗ ಹೆಚ್ಚಾಗಿ ಕೆಲಸ ಮಾಡುತ್ತಿರುವುದು ಲೇಮ್ ಅಥವಾ ಶೈನ್ ಅನ್ನುವ ಹೊರಗಿನ ಲೈಬ್ರರಿ.

ಡಿಕೋಡರ್‌ಗಳು ಹೆಚ್ಚುಕಮ್ಮಿ ಎಲ್ಲವೂ ಒಳಗೇ ಇವೆ. ಎನ್‌ಕೋಡರ್‌ಗಳು ಮಾತ್ರ ಏಕೆ ಹೀಗೆ ಚದುರಿವೆ?

ಇಡೀ ವಿಷಯದ ಬೇರು ಇಲ್ಲಿದೆ. ಡಿಕೋಡರ್‌ಗೆ ಒಂದು ಕೊನೆ ಇದೆ. ಬಿಟ್‌ಗಳು ಹೀಗೆ ಬಂದರೆ ಸದ್ದು ಹೀಗೆ ಹೊರಬರಬೇಕು ಅಂತ ಸ್ಟ್ಯಾಂಡರ್ಡ್ ಹೇಳಿಬಿಡುತ್ತದೆ. ಹಾಗೆ ಬಂತೋ, ಕೆಲಸ ಮುಗಿಯಿತು. ಆಮೇಲೆ ಉಳಿಯುವುದು ವೇಗ ಮತ್ತು ಭದ್ರತೆ.

ಎನ್‌ಕೋಡರ್ ಹೇಗಿರಬೇಕು ಅಂತ ಎಂಪೆಗ್ ಸ್ಟ್ಯಾಂಡರ್ಡ್‌ಗಳು ಹೇಳುವುದೇ ಇಲ್ಲ. ಡಿಕೋಡರ್‌ಗೆ ಅರ್ಥವಾಗುವ ಬಿಟ್‌ಗಳನ್ನು ಕೊಟ್ಟರೆ ಸಾಕು. ಯಾವ ಸದ್ದಿಗೆ ಎಷ್ಟು ಬಿಟ್, ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಲ್ಲ ಬರೆಯುವವರ ವಿವೇಚನೆಗೆ ಬಿಟ್ಟದ್ದು. ಹಾಗಾಗಿ ಇದು ಮುಗಿಯುವ ಕೆಲಸವೇ ಅಲ್ಲ. ವರ್ಷಗಟ್ಟಲೆ ಕೇಳಬೇಕು, ತಿದ್ದಬೇಕು, ಮತ್ತೆ ಕೇಳಬೇಕು. ಅದಕ್ಕೆ ಅದರದೇ ಆದ ಕೇಳುಗರ ಬಳಗ ಬೇಕು, ಅದರದೇ ಬಿಡುಗಡೆಯ ಗತಿ ಬೇಕು. ನೂರಾರು ಕೋಡೆಕ್‌ಗಳಿರುವ ಯೋಜನೆಯಲ್ಲಿ ಒಂದೇ ಒಂದು ಎನ್‌ಕೋಡರ್‌ಗೆ ಅಷ್ಟು ಗಮನ ಸಿಗುವುದು ಕಷ್ಟ.

ಲೇಮ್ ಬೆಳೆದದ್ದೇ ಹೀಗೆ. 1998 ರಲ್ಲಿ ಮೈಕ್ ಚೆಂಗ್ ಅದನ್ನು ಶುರು ಮಾಡಿದಾಗ ಅದು ಸ್ವಂತ ಎನ್‌ಕೋಡರ್ ಆಗಿರಲಿಲ್ಲ. ಐಎಸ್ಒ ಕೊಟ್ಟಿದ್ದ ಮಾದರಿ ಕೋಡ್‌ಗೆ ಹಾಕುವ ಪ್ಯಾಚ್ ಆಗಿತ್ತು, ಅಷ್ಟೇ. ಒಂದೊಂದೇ ಭಾಗ ಬದಲಾಗುತ್ತಾ ಬಂದು 2000 ರ ಮೇ ಹೊತ್ತಿಗೆ ಹಳೆಯ ಐಎಸ್ಒ ಕೋಡ್ ಪೂರ್ತಿ ಹೋಗಿತ್ತು. ಆಮೇಲೂ ಟ್ಯೂನಿಂಗ್ ನಿಲ್ಲಲಿಲ್ಲ. 3.100 ಆವೃತ್ತಿ ಬಂದದ್ದು 2017 ರ ಅಕ್ಟೋಬರ್‌ನಲ್ಲಿ. ಅಷ್ಟು ಕಿವಿಗಳು, ಅಷ್ಟು ವರ್ಷ ಕೇಳಿ ತಿದ್ದಿದ ಎನ್‌ಕೋಡರ್ ಇರುವಾಗ ಒಳಗೆ ಇನ್ನೊಂದನ್ನು ಬರೆಯಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಹಾಗಾದರೆ ಎಎಸಿ ಎನ್‌ಕೋಡರ್ ಒಳಗೆ ಏಕಿದೆ?

ಹೊರಗೆ ಒಳ್ಳೆಯದಿತ್ತು, ಆದರೆ ಲೈಸೆನ್ಸ್ ಹೊಂದುತ್ತಿರಲಿಲ್ಲ. ಫ್ರೌನ್‌ಹೋಫರ್‌ನ ಎಫ್‌ಡಿಕೆ ಎಎಸಿ ಆಂಡ್ರಾಯ್ಡ್ ಮೂಲಕ 2012 ರಲ್ಲಿ ಹೊರಬಂತು. ಗುಣಮಟ್ಟ ಚೆನ್ನಾಗಿದೆ. ಆದರೆ ಅದರ ಲೈಸೆನ್ಸ್ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್ ಜೊತೆ ಕೂಡುವುದಿಲ್ಲ. ಎಕ್ಸ್264 ವಿಡಿಯೋ ಎನ್‌ಕೋಡರ್‌ನಂಥ ಜಿಪಿಎಲ್ ಭಾಗಗಳ ಜೊತೆ ಅದನ್ನೂ ಸೇರಿಸಿ ಎಫ್‌ಎಫ್‌ಎಂಪೆಗ್ ಬಿಲ್ಡ್ ಮಾಡಬೇಕಾದರೆ ‘ನಾನ್‌ಫ್ರೀ’ ಆಯ್ಕೆ ಹಾಕಬೇಕು. ಆ ಬೈನರಿಯನ್ನು ನೀವು ಬಳಸಬಹುದು, ಬೇರೆಯವರಿಗೆ ಹಂಚುವಂತಿಲ್ಲ. ಫ್ಯಾಕ್ ಅನ್ನುವ ಇನ್ನೊಂದು ಹಳೆಯ ಎನ್‌ಕೋಡರ್‌ಗೂ ಇಂಥದ್ದೇ ತೊಡಕಿತ್ತು. ಅಂದರೆ ಲೋಕವೆಲ್ಲ ಬಳಸುವ ಫಾರ್ಮ್ಯಾಟ್‌ಗೆ, ಎಲ್ಲರೂ ಹಂಚಬಹುದಾದ ಒಳ್ಳೆಯ ಎನ್‌ಕೋಡರ್ ಇರಲಿಲ್ಲ.

ಒಳಗಿನ ಎಎಸಿ ಎನ್‌ಕೋಡರ್ ಎಫ್‌ಡಿಕೆ ಬರುವ ಮೊದಲೇ, 2008 ರಲ್ಲಿ, ಶುರುವಾಗಿತ್ತು; ಆ ಕೊರತೆಯನ್ನು ತುಂಬುವ ಕೆಲಸ ಅದರ ಪಾಲಿಗೆ ಬಂತು. ಬಹಳ ಕಾಲ ಅದಕ್ಕೆ ‘ಪ್ರಾಯೋಗಿಕ’ ಅನ್ನುವ ಹಣೆಪಟ್ಟಿ ಇತ್ತು. ಬಳಸಬೇಕಾದರೆ ಬೇಕೆಂದೇ ಒಂದು ಆಯ್ಕೆ ಸೇರಿಸಬೇಕಿತ್ತು. 2015 ರಲ್ಲಿ ಅದರ ಮೇಲೆ ಜೋರಾಗಿ ಕೆಲಸ ನಡೆಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಹಣೆಪಟ್ಟಿ ಕಳಚಿತು. ಶುರುವಾಗಿ ಏಳು ವರ್ಷ ಆಗಿತ್ತು. ಮುಂದಿನ ಆವೃತ್ತಿಗಳಲ್ಲಿ ಹೊರಗಿನ ಹಳೆಯ ಎಎಸಿ ರ್ಯಾಪರ್‌ಗಳು ಒಂದೊಂದಾಗಿ ಹೋದವು, ಫ್ಯಾಕ್ ಕೂಡ ಹೋಯಿತು. ಎಫ್‌ಡಿಕೆ ಉಳಿದಿದೆ. ಕಡಿಮೆ ಬಿಟ್‌ರೇಟ್‌ಗೆ ಬೇಕಾಗುವ ಎಚ್‌ಇ-ಎಎಸಿ ಮಾಡಬೇಕು ಅಂದರೆ ಈಗಲೂ ಹೆಚ್ಚಾಗಿ ಅದರ ಬಾಗಿಲನ್ನೇ ತಟ್ಟಬೇಕು.

ಏಳು ವರ್ಷ ಅನ್ನುವುದನ್ನು ಗಮನಿಸಿ. ಅಷ್ಟೂ ಕಾಲ ಆ ಕೋಡ್ ಯೋಜನೆಯ ಒಳಗೇ ಇತ್ತು. ಒಳಗಿದ್ದರೆ ಸಾಕು, ತಾನಾಗಿ ಒಳ್ಳೆಯದಾಗುತ್ತದೆ ಅನ್ನುವ ಮಾತು ನಿಜವಲ್ಲ. ಪಟ್ಟು ಹಿಡಿದು ಕೂತು ಕೇಳಿದವರು ಬಂದ ಮೇಲೆಯೇ ಅದು ಸುಧಾರಿಸಿದ್ದು.

ಓಪಸ್‌ಗೆ, ವೋರ್ಬಿಸ್‌ಗೆ ಎರಡೂ ಕಡೆ ಎನ್‌ಕೋಡರ್ ಇದೆಯಲ್ಲ, ಯಾವುದನ್ನು ಬಳಸಲಿ?

ಎರಡಕ್ಕೂ ಹೊರಗಿನದು. ಒಳಗಿನ ಓಪಸ್ ಎನ್‌ಕೋಡರ್ 2017 ರಲ್ಲಿ ಬಂತು. ಅದು ಓಪಸ್‌ನ, ಸಂಗೀತಕ್ಕೆ ಒಗ್ಗುವ ಸೆಲ್ಟ್ ಭಾಗವನ್ನು ಮಾತ್ರ ಬಳಸುತ್ತದೆ. ಮಾತಿಗೆಂದೇ ಇರುವ ಸಿಲ್ಕ್ ಭಾಗ ಅದರಲ್ಲಿಲ್ಲ. ಒಳಗಿನ ವೋರ್ಬಿಸ್ ಎರಡು ಚಾನೆಲ್‌ಗೆ ಸೀಮಿತ. ಲಿಬ್‌ಓಪಸ್ ಅಂತೂ ವೆಬ್‌ಆರ್‌ಟಿಸಿ, ಬ್ರೌಸರ್, ವಾಟ್ಸಾಪ್‌ನ ವಾಯ್ಸ್ ಮೆಸೇಜ್ ತನಕ ಎಲ್ಲ ಕಡೆ ಹಬ್ಬಿರುವ ಫಾರ್ಮ್ಯಾಟ್‌ನ ಮೂಲ ಲೈಬ್ರರಿ. ಬಿಎಸ್‌ಡಿ ಲೈಸೆನ್ಸ್, ಕೋಡ್ ಹಂಚಲು ತೊಡಕಿಲ್ಲ.

ಒಳಗಿನವು ಸುಮ್ನೆ ಇವೆ ಅಂತಲ್ಲ. ಕಲಿಯುವವರಿಗೆ ಅವು ಒಳ್ಳೆಯ ಓದು. ಹೊರಗಿನ ಯಾವ ಲೈಬ್ರರಿಯನ್ನೂ ಸೇರಿಸಿಕೊಳ್ಳಲು ಆಗದ ಕಡೆ ಉಪಯೋಗಕ್ಕೂ ಬರುತ್ತವೆ.

ನನ್ನ ಎನ್‌ಕೋಡರ್ ಯಾವ ಜಾತಿಗೆ ಸೇರುತ್ತದೆ ಅಂತ ಹೇಗೆ ತೀರ್ಮಾನಿಸಲಿ?

ನಷ್ಟವಿಲ್ಲದ ಎನ್‌ಕೋಡರ್ ಆದರೆ ಒಳಗೆ ಬರೆಯಿರಿ. ಫ್ಲ್ಯಾಕ್ ಥರದ್ದು. ಲೀನಿಯರ್ ಪ್ರಿಡಿಕ್ಷನ್ (ಹಿಂದಿನ ಸ್ಯಾಂಪಲ್‌ಗಳಿಂದ ಮುಂದಿನದನ್ನು ಊಹಿಸುವುದು), ರೈಸ್ ಕೋಡಿಂಗ್ (ಊಹೆಯ ತಪ್ಪನ್ನು ಕಡಿಮೆ ಬಿಟ್‌ನಲ್ಲಿ ಬರೆಯುವುದು), ಮುಗಿಯಿತು. ಡಿಕೋಡ್ ಮಾಡಿದಾಗ ಒಂದು ಬಿಟ್ ಕೂಡ ವ್ಯತ್ಯಾಸ ಬರಬಾರದು, ಫೈಲ್ ಚಿಕ್ಕದಾಗಬೇಕು, ಬೇಗ ಆಗಬೇಕು. ಮೂರನ್ನೂ ಯಂತ್ರವೇ ಅಳೆಯುತ್ತದೆ, ಕಿವಿಯ ಜಗಳವೇ ಇಲ್ಲ. ಬ್ಲೂಟೂತ್‌ನ ಎಸ್‌ಬಿಸಿ, ಹಳೆಯ ಎಡಿಪಿಸಿಎಂಗಳ ಥರ ಸರಳವಾದವೂ ಒಳಗೇ ಚೆಂದ.

ಕಿವಿಯ ಮಾದರಿ ಇಟ್ಟುಕೊಂಡು ಸದ್ದನ್ನು ಕತ್ತರಿಸುವ ಎನ್‌ಕೋಡರ್ ಆದರೆ ಹೊರಗೆ ಶುರು ಮಾಡಿ. ವಾರಕ್ಕೊಮ್ಮೆ ಟ್ಯೂನಿಂಗ್ ಬದಲಿಸುವ ಸ್ವಾತಂತ್ರ್ಯ ಬೇಕು. ರಿವ್ಯೂಗೆ ಕಾಯುತ್ತ ಕೂತರೆ ಆ ಕೆಲಸ ಸಾಗುವುದಿಲ್ಲ. ಎಫ್‌ಎಫ್‌ಎಂಪೆಗ್ ಬೇಡದವರೂ ನಿಮ್ಮ ಲೈಬ್ರರಿಯನ್ನು ಬಳಸಬಹುದು ಅನ್ನುವುದು ಇನ್ನೊಂದು ಲಾಭ. ಒಂದು ಫೋನ್ ಆ್ಯಪ್‌ಗೋ ಮೈಕ್ರೋಕಂಟ್ರೋಲರ್‌ಗೋ ಇಡೀ ಲಿಬ್‌ಎವಿಕೋಡೆಕ್ ಎಳೆದು ತರಲು ಎಲ್ಲರೂ ಒಪ್ಪುವುದಿಲ್ಲ.

ಆದರೆ ಇದಕ್ಕೆ ಲೈಸೆನ್ಸ್ ಒಂದು ಅಪವಾದ. ಎಎಸಿಗೆ ಆದದ್ದು ಅದೇ.

ಹೊರಗೆ ಬೆಳೆಸಿ ಆಮೇಲೆ ಒಳಗೆ ತರಬಹುದಾ?

ಖಂಡಿತ. ನನ್ನ ಪ್ರಕಾರ ಒಬ್ಬರೇ ಬರೆಯುವಾಗ ಇದೇ ಒಳ್ಳೆಯ ದಾರಿ. ಎಸಿ-3 ಎನ್‌ಕೋಡರ್‌ನ ಕಥೆ ನೋಡಿ. ಮೂಲ ಕೋಡ್ ಎಫ್‌ಎಫ್‌ಎಂಪೆಗ್‌ನದು, ಸಾಧಾರಣ ಗುಣಮಟ್ಟ. ಅದನ್ನು ತೆಗೆದುಕೊಂಡು ಹೊರಗೆ ‘ಆಫ್ಟೆನ್’ ಅನ್ನುವ ಪ್ರತ್ಯೇಕ ಎನ್‌ಕೋಡರ್ ಬೆಳೆಯಿತು. ಅಲ್ಲಿ ಕಲಿತದ್ದು ಆಮೇಲೆ ಒಳಗೆ ವಾಪಸ್ ಬಂತು. ಡಿಟಿಎಸ್‌ಗೆ ಬರೆದ ಡಿಸಿಎಎನ್ಕ್ ಕೂಡ ಮೊದಲು ಪ್ರತ್ಯೇಕ ಲೈಬ್ರರಿಯಾಗಿತ್ತು, ನಂತರ ಲಿಬ್‌ಎವಿಕೋಡೆಕ್ ಸೇರಿತು.

ಹೀಗೆ ಮಾಡುವುದಾದರೆ ಮೊದಲ ದಿನದಿಂದಲೇ ಎರಡು ಎಚ್ಚರಿಕೆ ಇರಲಿ. ಲೈಸೆನ್ಸ್ ಎಲ್‌ಜಿಪಿಎಲ್ 2.1 ಅಥವಾ ನಂತರದ್ದು, ಇಲ್ಲವೇ ಅದಕ್ಕಿಂತ ಸಡಿಲವಾದದ್ದು ಇರಲಿ. ಬೇರೆಯವರು ಕೋಡ್ ಕೊಟ್ಟಿದ್ದರೆ ಯಾರು ಏನು ಬರೆದರು ಅನ್ನುವುದು ಗಿಟ್ ಇತಿಹಾಸದಲ್ಲಿ ಸ್ಪಷ್ಟವಾಗಿರಲಿ. ಆಮೇಲೆ ಲೈಸೆನ್ಸ್ ಬದಲಿಸಬೇಕು ಅಂದರೆ ಪ್ರತಿಯೊಬ್ಬರನ್ನೂ ಹುಡುಕಿ ಒಪ್ಪಿಗೆ ಪಡೆಯಬೇಕಾಗುತ್ತದೆ. ಇನ್ನೊಂದು, ಕೋಡ್ ಸಿ ಭಾಷೆಯಲ್ಲಿರಲಿ. ಸಿ++ ನಲ್ಲಿ ಬರೆದ ಎನ್‌ಕೋಡರ್ ಒಳಗೆ ಬರಬೇಕಾದರೆ ಮತ್ತೆ ಮೊದಲಿಂದ ಬರೆಯಬೇಕು.

ಒಳಗೆ ಬರೆಯುವುದು ಅಂತಾದರೆ ಯಾವ ಯಾವ ಫೈಲ್ ಮುಟ್ಟಬೇಕು?

ಎನ್‌ಕೋಡರ್‌ನದೇ ಸಿ ಫೈಲ್ ಒಂದು. ಅದರ ಹೆಸರನ್ನು ‘ಆಲ್‌ಕೋಡೆಕ್ಸ್’ ಫೈಲ್‌ನಲ್ಲಿ ಸೇರಿಸಬೇಕು, ಮೇಕ್‌ಫೈಲ್‌ನಲ್ಲಿ ಒಂದು ಸಾಲು, ಬೇರೆ ಭಾಗಗಳ ಮೇಲೆ ಅವಲಂಬನೆ ಇದ್ದರೆ ಕಾನ್ಫಿಗರ್‌ನಲ್ಲಿ ಒಂದು ಸಾಲು. ಹೊಸ ಫಾರ್ಮ್ಯಾಟ್ ಆದರೆ ಕೋಡೆಕ್ ಐಡಿ. ಡಾಕ್ಯುಮೆಂಟೇಶನ್, ಚೇಂಜ್‌ಲಾಗ್, ಆವೃತ್ತಿ ಸಂಖ್ಯೆ. ಇವಿಷ್ಟೂ ಅರ್ಧ ದಿನದ ಕೆಲಸ, ಇದಕ್ಕೆ ಹೆದರಬೇಡಿ.

ಎನ್‌ಕೋಡರ್ ಒಳಗಿನ ಮುಖ್ಯ ಫಂಕ್ಷನ್‌ಗಳು ಮೂರು. ಶುರುವಿನದು ಸ್ಯಾಂಪಲ್ ರೇಟ್, ಚಾನೆಲ್ ನೋಡಿ, ತನಗೆ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ಬೇಕು ಅಂತ ಹೇಳುತ್ತದೆ. ಎಎಸಿಗೆ 1024, ಎಂಪಿ3 ಗೆ 1152. ನಡುವಿನದು ಅಷ್ಟು ಸ್ಯಾಂಪಲ್‌ಗಳ ಒಂದು ತುಂಡನ್ನು, ಅಂದರೆ ಫ್ರೇಮ್ ಅನ್ನು, ತೆಗೆದುಕೊಂಡು ಎನ್‌ಕೋಡ್ ಆದ ಪ್ಯಾಕೆಟ್ ಕೊಡುತ್ತದೆ. ಕೊನೆಯದು ಮೆಮೊರಿ ಬಿಡುಗಡೆ ಮಾಡುತ್ತದೆ. ಬಿಟ್ ಬರೆಯುವುದಕ್ಕೆ, ಎಂಡಿಸಿಟಿಗೆ (ಸದ್ದನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ), ಎಲ್‌ಪಿಸಿಗೆ (ಲೀನಿಯರ್ ಪ್ರಿಡಿಕ್ಷನ್) ಒಳಗೆ ಸಿದ್ಧ ಕೋಡ್ ಇದೆ. ವೇಗವಾಗಿದೆ, ಪರೀಕ್ಷೆಯಾಗಿದೆ. ಒಳಗೆ ಬರೆಯುವುದರ ನಿಜವಾದ ಸುಖ ಇದು. ಹೊರಗೆ ಬರೆದರೆ ಎಂಡಿಸಿಟಿಯನ್ನೂ ನೀವೇ ತರಬೇಕು.

ಒಂದು ಚಿಕ್ಕ ವಿಷಯ: ಫ್ಲೋಟ್ ಸ್ಯಾಂಪಲ್ ತೆಗೆದುಕೊಳ್ಳುವುದಾದರೆ ಒಳಬರುವ ಸಂಖ್ಯೆಗಳನ್ನು ನಂಬಬೇಡಿ. ಯಾವುದೋ ಫಿಲ್ಟರ್ ಕೆಟ್ಟು ನ್ಯಾನ್ ಅಥವಾ ಇನ್ಫಿನಿಟಿ ಕಳಿಸಿದರೆ ಇಡೀ ಬಿಟ್ ಹಂಚಿಕೆ ಹುಚ್ಚಾಗುತ್ತದೆ. ಎಎಸಿ ಎನ್‌ಕೋಡರ್ ಇದನ್ನು ಗುರುತಿಸಿ ನೇರವಾಗಿ ಎರರ್ ಕೊಡುತ್ತದೆ. ನೀವೂ ಹಾಗೇ ಮಾಡಿ.

ರ್ಯಾಪರ್ ಬರೆಯುವುದು ಸುಲಭ ಅಲ್ವಾ? ಎರಡು ಫಂಕ್ಷನ್ ಕರೆದರೆ ಆಯ್ತು.

ಲೇಮ್‌ನ ರ್ಯಾಪರ್ ಓದಿ ನೋಡಿ. ಲೇಮ್ ಕೊಡುವುದು ಬೈಟ್‌ಗಳ ಹರಿವು. ಇಲ್ಲಿಗೆ ಒಂದು ಫ್ರೇಮ್ ಮುಗಿಯಿತು ಅಂತ ಅದು ಹೇಳುವುದಿಲ್ಲ. ಒಮ್ಮೆ ಏನೂ ಕೊಡುವುದಿಲ್ಲ, ಇನ್ನೊಮ್ಮೆ ಜಾಸ್ತಿ ಕೊಡುತ್ತದೆ. ಎಫ್‌ಎಫ್‌ಎಂಪೆಗ್‌ಗೋ ಪ್ರತಿ ಫ್ರೇಮ್ ಒಂದು ಪ್ಯಾಕೆಟ್ ಆಗಿ, ಅದರ ಸಮಯದ ಗುರುತಿನ ಜೊತೆ ಬೇಕು. ಹಾಗಾಗಿ ರ್ಯಾಪರ್ ಬೈಟ್‌ಗಳನ್ನು ಬಫರ್‌ನಲ್ಲಿ ಕೂಡಿಟ್ಟು, ಎಂಪಿ3 ಹೆಡರ್ ಓದಿ, ಫ್ರೇಮ್‌ನ ಉದ್ದ ಲೆಕ್ಕ ಹಾಕಿ, ಅಷ್ಟು ಬಂದಿದ್ದರೆ ಕತ್ತರಿಸಿ ಕೊಡುತ್ತದೆ. ಯಾವ ಪ್ಯಾಕೆಟ್ ಯಾವ ಸಮಯದ್ದು ಅಂತ ನೆನಪಿಡಲು ಪ್ರತ್ಯೇಕ ಕ್ಯೂ ಇದೆ.

ನೀವು ಹೊಸ ಲೈಬ್ರರಿ ಬರೆಯುತ್ತಿದ್ದರೆ ದಯವಿಟ್ಟು ಇದನ್ನು ಮೊದಲೇ ಯೋಚಿಸಿ. ಒಂದು ಕರೆಗೆ ಒಂದು ಪೂರ್ತಿ ಫ್ರೇಮ್ ಕೊಡಿ. ನಿಮ್ಮ ಎನ್‌ಕೋಡರ್‌ನ ವಿಳಂಬ ಎಷ್ಟು ಸ್ಯಾಂಪಲ್ ಅಂತ ಕೇಳಿದರೆ ಹೇಳುವ ಒಂದು ಫಂಕ್ಷನ್ ಇಡಿ. ಗ್ಲೋಬಲ್ ವೇರಿಯಬಲ್ ಬೇಡ. ಒಂದೇ ಪ್ರೋಗ್ರಾಮಿನಲ್ಲಿ ಹತ್ತು ಎನ್‌ಕೋಡರ್ ಒಟ್ಟಿಗೆ ಓಡುವುದು ಮಾಮೂಲು.

ವಿಳಂಬದ ಬಗ್ಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು?

ಸಂಗೀತ ಕಚೇರಿಯ ಆಲ್ಬಮ್ ಕೇಳುವವರಿಗೆ ಗೊತ್ತಿರುತ್ತದೆ. ಆಲಾಪನೆ ಒಂದು ಟ್ರ್ಯಾಕ್, ಕೀರ್ತನೆ ಮುಂದಿನದು, ನಡುವೆ ತಂಬೂರಿ ನಿಲ್ಲದೆ ನುಡಿಯುತ್ತಿದೆ. ಟ್ರ್ಯಾಕ್ ಬದಲಾಗುವಾಗ ಆ ಶ್ರುತಿ ತುಂಡಾದರೆ ಕಿವಿಗೆ ಚುಚ್ಚಿದಂತಾಗುತ್ತದೆ. ಇದು ಎನ್‌ಕೋಡರ್ ಮುಂದೆ ಹಿಂದೆ ಸೇರಿಸುವ ಮೌನದ ಕೆಲಸ. ಫ್ರೇಮ್‌ಗಳು ಒಂದರ ಮೇಲೊಂದು ಹಾಸಿಕೊಳ್ಳುವುದರಿಂದ ಶುರುವಿನಲ್ಲಿ ಸ್ವಲ್ಪ ಸೇರಿಸದೆ ವಿಧಿಯಿಲ್ಲ. ಕೊನೆಯ ಫ್ರೇಮ್ ತುಂಬಿಸಲು ಕೊನೆಯಲ್ಲೂ ಸೇರುತ್ತದೆ.

ಸೇರಿಸಿದ್ದು ತಪ್ಪಲ್ಲ, ಎಷ್ಟು ಅಂತ ಹೇಳದಿರುವುದು ತಪ್ಪು. ಒಳಗಿನ ಎಎಸಿ ಶುರುವಿನಲ್ಲಿ 1024 ಸ್ಯಾಂಪಲ್ ಸೇರಿಸುತ್ತದೆ. ಲಿಬ್‌ಓಪಸ್ ಸಾಮಾನ್ಯವಾಗಿ 312, ಅಂದರೆ 48 ಕಿಲೋಹರ್ಟ್ಸ್‌ನಲ್ಲಿ 6.5 ಮಿಲಿಸೆಕೆಂಡ್. ಎಂಪಿ3 ಯಲ್ಲಿ ಇದನ್ನು ಬರೆಯಲು ಜಾಗವೇ ಇರಲಿಲ್ಲ. ಲೇಮ್ ತನ್ನದೇ ಟ್ಯಾಗ್ ಹುಟ್ಟಿಸಿ, ಶುರುವಿನದಕ್ಕೆ 12 ಬಿಟ್, ಕೊನೆಯದಕ್ಕೆ 12 ಬಿಟ್ ಇಟ್ಟಿತು. ನಿಮ್ಮ ಎನ್‌ಕೋಡರ್‌ನಲ್ಲಿ ಈ ಸಂಖ್ಯೆ ಒಂದು ಸ್ಯಾಂಪಲ್ ಕೂಡ ತಪ್ಪಿರಬಾರದು. ವಿಡಿಯೋ ಜೊತೆ ಸೇರಿದಾಗ ತುಟಿಗೂ ಮಾತಿಗೂ ತಾಳ ತಪ್ಪದಿರಲು ಇದೇ ಆಧಾರ.

ಗುಣಮಟ್ಟ ಚೆನ್ನಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಎಸ್‌ಎನ್‌ಆರ್ (ಸದ್ದಿಗೂ ಗದ್ದಲಕ್ಕೂ ಇರುವ ಅನುಪಾತ) ಅಳೆದರೆ ಸಾಲದಾ?

ಸಾಲದು. ಎಎಸಿಯಲ್ಲಿ ಪಿಎನ್‌ಎಸ್ ಅಂತ ಒಂದು ಉಪಾಯವಿದೆ. ಮಳೆಯ ಸದ್ದಿನಂಥ ಗದ್ದಲದ ಭಾಗ ಬಂದರೆ ಅದನ್ನು ಕಳಿಸುವುದೇ ಇಲ್ಲ, ‘ಇಲ್ಲಿ ಇಷ್ಟು ಜೋರಿನ ಗದ್ದಲ ಹಾಕಿಕೋ’ ಅಂತ ಡಿಕೋಡರ್‌ಗೆ ಹೇಳುತ್ತದೆ. ಅಲೆಯ ಆಕಾರ ಪೂರ್ತಿ ಬೇರೆ, ಎಸ್‌ಎನ್‌ಆರ್ ಪಾತಾಳಕ್ಕೆ. ಕಿವಿಗೆ ಮಾತ್ರ ಅದೇ ಮಳೆ.

ಕೇಳಿಯೇ ನೋಡಬೇಕು, ಅದೂ ಕಣ್ಣುಕಟ್ಟಿ. ಎಬಿಎಕ್ಸ್ ಪರೀಕ್ಷೆಯಲ್ಲಿ ಮೂಲ ಎ, ಎನ್‌ಕೋಡ್ ಆದದ್ದು ಬಿ, ಎಕ್ಸ್ ಅವೆರಡರಲ್ಲಿ ಒಂದು. ಯಾವುದು ಅಂತ ನೀವು ಹೇಳಬೇಕು. 16 ಸಲದಲ್ಲಿ 12 ಸರಿಯಾದರೆ, ಸುಮ್ಮನೆ ಊಹಿಸಿ ಹಾಗಾಗುವ ಸಾಧ್ಯತೆ ನೂರಕ್ಕೆ 4 ಕ್ಕಿಂತ ಕಡಿಮೆ. ಆಗ ವ್ಯತ್ಯಾಸ ನಿಜವಾಗಿ ಕೇಳಿಸುತ್ತಿದೆ ಅನ್ನಬಹುದು. ಯಾವ ಫೈಲ್ ಯಾವುದು ಅಂತ ಗೊತ್ತಿದ್ದು ಕೇಳಿದರೆ ಮನಸ್ಸು ಮೋಸ ಮಾಡುತ್ತದೆ, ಎಂಥ ಅನುಭವಿಗೂ.

ಯಾವ ಸದ್ದುಗಳನ್ನು ಇಟ್ಟುಕೊಂಡು ಪರೀಕ್ಷಿಸಲಿ?

ಪಶ್ಚಿಮದಲ್ಲಿ ಕ್ಯಾಸ್ಟನೆಟ್, ಹಾರ್ಪ್ಸಿಕಾರ್ಡ್, ಗ್ಲಾಕೆನ್‌ಸ್ಪೀಲ್ ಬಳಸುವುದು ರೂಢಿ. ಅವೂ ಇರಲಿ. ಆದರೆ ನಮ್ಮಲ್ಲಿ ಎನ್‌ಕೋಡರ್‌ಗಳನ್ನು ಒದ್ದಾಡಿಸುವ ಸದ್ದುಗಳಿಗೆ ಬರವಿಲ್ಲ. ಅವನ್ನು ಈ ಕೆಲಸಕ್ಕೆ ತರಬೇಕು ಅನ್ನುವುದು ನನ್ನ ಬಲವಾದ ಆಸೆ.

ಯಕ್ಷಗಾನದ ಚೆಂಡೆ ತೆಗೆದುಕೊಳ್ಳಿ. ಭಾಗವತರು ಪದ ನಿಲ್ಲಿಸಿದ್ದಾರೆ, ಒಂದು ಕ್ಷಣ ಮೌನ, ಆಮೇಲೆ ಒಂದೇ ಪೆಟ್ಟು. ಎಎಸಿಯ 1024 ಸ್ಯಾಂಪಲ್ ಅಂದರೆ 44,100 ಹರ್ಟ್ಸ್‌ನಲ್ಲಿ ಸುಮಾರು 23 ಮಿಲಿಸೆಕೆಂಡ್. ಎನ್‌ಕೋಡರ್ ಒಂದು ಸಲಕ್ಕೆ ನೋಡುವ ತುಂಡಿಗೆ ವಿಂಡೋ ಅನ್ನುತ್ತಾರೆ, ಅದು ಇದರ ಎರಡರಷ್ಟು ಉದ್ದ. ಬಿಟ್ ಕತ್ತರಿಸಿದ್ದರಿಂದ ಹುಟ್ಟುವ ಗದ್ದಲ ಆ ವಿಂಡೋದ ಉದ್ದಕ್ಕೂ ಹರಡುತ್ತದೆ, ಪೆಟ್ಟಿನ ಹಿಂದಿನ ಮೌನಕ್ಕೂ. ಪೆಟ್ಟು ಬೀಳುವ ಮೊದಲೇ ‘ಸ್ಸ್’ ಅಂತ ಕೇಳುತ್ತದೆ. ಇದಕ್ಕೆ ಪ್ರೀ-ಎಕೋ ಅನ್ನುತ್ತಾರೆ. ಪೆಟ್ಟಿನ ನಂತರದ ಗದ್ದಲವನ್ನು ಪೆಟ್ಟೇ ಮುಚ್ಚುತ್ತದೆ. ಮೊದಲಿನದನ್ನು ಮುಚ್ಚಲು ಕಿವಿಗೆ ಕೆಲವೇ ಮಿಲಿಸೆಕೆಂಡ್ ಸಹಾಯವಿದೆ. ಪರಿಹಾರ ಅಂದರೆ ಫ್ರೇಮನ್ನು 128 ಸ್ಯಾಂಪಲ್‌ಗಳ ಎಂಟು ಗಿಡ್ಡ ವಿಂಡೋಗಳಾಗಿ ಒಡೆಯುವುದು. ಆಗ ಗದ್ದಲ 6 ಮಿಲಿಸೆಕೆಂಡ್ ಆಸುಪಾಸಿನಲ್ಲೇ ಉಳಿಯುತ್ತದೆ.

ಹಾಗಂತ ಯಾವಾಗಲೂ ಗಿಡ್ಡ ವಿಂಡೋ ಇಟ್ಟರೆ? ಆಗ ತಂಬೂರಿ ಹಾಕಿ ನೋಡಿ. ತಂತಿಯ ಕೆಳಗೆ ಸಿಕ್ಕಿಸುವ ದಾರದಿಂದ ಹುಟ್ಟುವ ಆ ಝೇಂಕಾರದಲ್ಲಿ ಒತ್ತೊತ್ತಾಗಿ ಸ್ವರಗಳ ಸಾಲಿದೆ. ಉದ್ದ ವಿಂಡೋದಲ್ಲಿ ಒಂದೊಂದು ಆವರ್ತನ ರೇಖೆ ಸುಮಾರು 21.5 ಹರ್ಟ್ಸ್ ಅಗಲ, ಆ ಸಾಲನ್ನು ಬಿಡಿಬಿಡಿಯಾಗಿ ಹಿಡಿಯಬಲ್ಲದು. ಗಿಡ್ಡದರಲ್ಲಿ 172 ಹರ್ಟ್ಸ್, ಎಲ್ಲ ಕಲಸಿಹೋಗುತ್ತದೆ. ಈಗ ಮೃದಂಗ ಮತ್ತು ತಂಬೂರಿ ಒಟ್ಟಿಗೆ ಇರುವ ಐದು ಸೆಕೆಂಡ್ ಹಾಕಿ. ಯಾವಾಗ ಗಿಡ್ಡ, ಯಾವಾಗ ಉದ್ದ ಅಂತ ನಿಮ್ಮ ಎನ್‌ಕೋಡರ್ ಹೇಗೆ ತೀರ್ಮಾನಿಸುತ್ತದೆ ಅನ್ನುವುದೆಲ್ಲ ಅಲ್ಲಿ ಬಯಲಾಗುತ್ತದೆ.

ರೆಕಾರ್ಡಿಂಗ್ ನೀವೇ ಮಾಡಿ, ಕಲಾವಿದರ ಒಪ್ಪಿಗೆ ಪಡೆದು ಮುಕ್ತ ಲೈಸೆನ್ಸ್‌ನಲ್ಲಿ ಫ್ಲ್ಯಾಕ್ ಆಗಿ ಹಂಚಿ. ಎಂಪಿ3 ಯಿಂದ ತೆಗೆದ ಸ್ಯಾಂಪಲ್ ಪರೀಕ್ಷೆಗೆ ಬರುವುದಿಲ್ಲ.

ಸ್ವಯಂಚಾಲಿತ ಪರೀಕ್ಷೆ ಹೇಗೆ?

ಎಫ್‌ಎಫ್‌ಎಂಪೆಗ್‌ನ ಪರೀಕ್ಷಾ ವ್ಯವಸ್ಥೆಯ ಹೆಸರು ಫೇಟ್. ನಷ್ಟವಿಲ್ಲದ ಎನ್‌ಕೋಡರ್‌ಗೆ ಔಟ್‌ಪುಟ್ ಬಿಟ್‌ಬಿಟ್ಟೂ ಹೋಲಬೇಕು ಅಂತ ಇಡಬಹುದು. ಫ್ಲೋಟ್ ಲೆಕ್ಕ ಇರುವುದು ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಕೂದಲೆಳೆಯಷ್ಟು ಬದಲಾಗುತ್ತದೆ. ಹಾಗಾಗಿ ಎಎಸಿಯಂಥವುಗಳಲ್ಲಿ ಎನ್‌ಕೋಡ್ ಮಾಡಿ, ಡಿಕೋಡ್ ಮಾಡಿ, ಮೂಲದಿಂದ ಎಷ್ಟು ದೂರ ಹೋಯಿತು ಅನ್ನುವುದಕ್ಕೆ ಒಂದು ಮಿತಿ ಇಡುತ್ತಾರೆ. ಇದು ಕೋಡ್ ಮುರಿದಿಲ್ಲ ಅಂತ ಹೇಳುತ್ತದೆಯೇ ಹೊರತು ಚೆನ್ನಾಗಿ ಕೇಳುತ್ತದೆ ಅಂತಲ್ಲ.

ಅಸೆಂಬ್ಲಿ ಬರೆಯಲೇಬೇಕಾ?

ಮೊದಲಿಗೆ ಬೇಡ. ಸರಿಯಾದ ಸಿ ಕೋಡ್ ಇರಲಿ. ನಿಧಾನದ ಭಾಗ ಯಾವುದು ಅಂತ ಅಳೆದ ಮೇಲೆ ನೋಡೋಣ. ಹೆಚ್ಚಾಗಿ ಅದು ಕ್ವಾಂಟೈಸೇಶನ್‌ನ, ಅಂದರೆ ಯಾವ ಸಂಖ್ಯೆಯನ್ನು ಎಷ್ಟು ಒರಟಾಗಿ ಉಳಿಸುವುದು ಅನ್ನುವ, ಹುಡುಕಾಟದಲ್ಲಿರುತ್ತದೆ.

ಮೊದಲ ಪ್ಯಾಚ್ ಕಳಿಸುವಾಗ ಏನು ನಿರೀಕ್ಷಿಸಬೇಕು?

ಕಟುವಾದ ರಿವ್ಯೂ. ಸ್ಪೇಸ್ ನಾಲ್ಕಿರಬೇಕು, ಟ್ಯಾಬ್ ಬೇಡ, ಮೆಮೊರಿ ಸಿಗದಿದ್ದರೆ ಏನಾಗುತ್ತದೆ, ಈ ಸಂಖ್ಯೆ ಎಲ್ಲಿಂದ ಬಂತು, ಹೀಗೆ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಹೀಗೇ ಆಗುತ್ತದೆ. ಒಂದೇ ದೊಡ್ಡ ಪ್ಯಾಚ್ ಬೇಡ. ಎನ್‌ಕೋಡರ್ ಬೇರೆ, ಪರೀಕ್ಷೆ ಬೇರೆ, ಹಂಚಿಕೊಳ್ಳಬಹುದಾದ ಕೋಡ್ ಬೇರೆ. 2025 ರಿಂದ ಯೋಜನೆಯ ಸ್ವಂತ ಫೋರ್ಜೆಯೊ ತಾಣದಲ್ಲಿ (ಗಿಟ್‌ಹಬ್ ಥರದ್ದು) ಪುಲ್ ರಿಕ್ವೆಸ್ಟ್ ಕಳಿಸಬಹುದು, ಹೊಸಬರಿಗೆ ಅದು ತುಂಬ ಸಲೀಸು. ‘ಇದನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ನಿಜವಾದ ಉತ್ತರ ಇರಲಿ. ನೋಡಿಕೊಳ್ಳಲು ಆಗುವುದಿಲ್ಲ ಅನ್ನಿಸಿದರೆ ಹೊರಗಿನ ಲೈಬ್ರರಿಯಾಗಿ ಇಡುವುದೇ ನ್ಯಾಯ.

ಎಲ್ಲಿಂದ ಶುರು ಮಾಡಲಿ?

ಎಲ್ಲವನ್ನೂ ಆಫ್ ಮಾಡಿ, ಫ್ಲ್ಯಾಕ್ ಎನ್‌ಕೋಡರ್, ವೇವ್ ಓದುವ ಭಾಗ, ಪಿಸಿಎಂ ಡಿಕೋಡರ್, ಫ್ಲ್ಯಾಕ್ ಬರೆಯುವ ಭಾಗ, ಫೈಲ್ ಪ್ರೋಟೋಕಾಲ್ ಹಾಗೂ ಅವುಗಳಿಗೆ ಬೇಕಾದ ಫಿಲ್ಟರ್‌ಗಳನ್ನು ಮಾತ್ರ ಸೇರಿಸಿ ಎಫ್‌ಎಫ್‌ಎಂಪೆಗ್ ಬಿಲ್ಡ್ ಮಾಡಿ. ಬೇಗ ಆಗುತ್ತದೆ, ತಿದ್ದಿ ತಿದ್ದಿ ಮತ್ತೆ ಬಿಲ್ಡ್ ಮಾಡಲು ಬೇಜಾರಾಗುವುದಿಲ್ಲ. ಫ್ಲ್ಯಾಕ್‌ನ ಸ್ಪೆಸಿಫಿಕೇಶನ್ 2024 ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 9639 ಆಗಿ ಹೊರಬಂದಿದೆ, ಓದಲು ಚೆನ್ನಾಗಿದೆ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಎನ್‌ಕೋಡರ್‌ನ ಕೋಡ್. ಒಂದು ಸಬ್‌ಫ್ರೇಮ್ ಹೇಗೆ ಬಿಟ್‌ಗಳಾಗಿ ಬರೆಯಲ್ಪಡುತ್ತದೆ ಅನ್ನುವುದನ್ನು ಡಿಬಗ್ಗರ್‌ನಲ್ಲಿ ಸಾಲು ಸಾಲಾಗಿ ನೋಡಿ. ಆಮೇಲೆ ಎಎಸಿ ಎನ್‌ಕೋಡರ್‌ನ ವಿಂಡೋ ಆರಿಸುವ ಭಾಗ ತೆರೆಯಿರಿ, ನಿಮ್ಮ ಚೆಂಡೆಯ ಫೈಲ್ ಓಡಿಸಿ, ಪ್ರತಿ ಫ್ರೇಮ್‌ಗೂ ಅದು ಉದ್ದ ಆರಿಸಿತೋ ಗಿಡ್ಡವೋ ಪ್ರಿಂಟ್ ಮಾಡಿ.